ಕ್ಯೂಟಿ ಅಂತರ: ಜೀನು ಸಿಕ್ಕಿತು, ಅಳತೆ ಕೈತಪ್ಪಿತು

ಆನುವಂಶಿಕ ಹೃದಯ ಲಯದೋಷಗಳ ಸಂಶೋಧನೆ ಮತ್ತು ವೈದ್ಯ ವಿದ್ಯಾರ್ಥಿಗಳ ಕಲಿಕೆ – ಒಂದು ವಿಮರ್ಶೆ

ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯ ಫ್ರೀಡ್ರಿಕ್ ಮೈಸ್ನರ್ ಕಿವುಡು ಮಕ್ಕಳ ಶಿಕ್ಷಣದ ಬಗ್ಗೆ 1856ರಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲಿ ಒಂದು ದಾರುಣ ಪ್ರಸಂಗ ದಾಖಲಾಗಿದೆ. ಕಿವಿ ಕೇಳದ ಹುಡುಗಿಯೊಬ್ಬಳು ಶಾಲೆಯಲ್ಲಿ ಒಂದು ಸಣ್ಣ ತಪ್ಪು ಮಾಡಿದಳು. ಬುದ್ಧಿ ಹೇಳಲೆಂದು ಅವಳನ್ನು ಎಲ್ಲರೆದುರು ಶಾಲೆಯ ಮುಖ್ಯಸ್ಥರ ಮುಂದೆ ನಿಲ್ಲಿಸಲಾಯಿತು. ಹುಡುಗಿ ಅಲ್ಲಿಯೇ ಕುಸಿದು ಬಿದ್ದು ಸತ್ತಳು. ಸುದ್ದಿ ತಿಳಿಸಿದಾಗ ತಂದೆತಾಯಿಗಳಿಗೆ ಆಶ್ಚರ್ಯವಾಗಲಿಲ್ಲವಂತೆ. ಅವರ ಇನ್ನಿಬ್ಬರು ಮಕ್ಕಳು ಅದಕ್ಕೆ ಮೊದಲೇ ಹೀಗೆಯೇ ತೀರಿಕೊಂಡಿದ್ದರು. ಒಂದು ಮಗು ಬೆಚ್ಚಿಬಿದ್ದಾಗ, ಇನ್ನೊಂದು ವಿಪರೀತ ಸಿಟ್ಟು ಮಾಡಿಕೊಂಡಾಗ.

ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಬರೆಯಬಲ್ಲ ಉಪಕರಣವನ್ನು ಹಾಲೆಂಡಿನ ಐಂಥೋವನ್ ಬಳಕೆಗೆ ತಂದದ್ದು 20ನೆಯ ಶತಮಾನದ ಆರಂಭದಲ್ಲಿ. ಮೈಸ್ನರ್ ಕಾಲದಲ್ಲಿ ಇಸಿಜಿ ಇರಲಿಲ್ಲ, ಜೀನು ಎಂಬ ಪದವೂ ಹುಟ್ಟಿರಲಿಲ್ಲ. ಆದರೂ ರೋಗವನ್ನು ಗುರುತಿಸಲು ಬೇಕಾದ ಮೂರು ಸುಳಿವುಗಳು ಆ ಪುಟ್ಟ ವರದಿಯಲ್ಲೇ ಇವೆ: ಹುಟ್ಟುಕಿವುಡು, ಭಾವೋದ್ವೇಗದ ಹೊತ್ತಿನಲ್ಲಿ ಬಂದ ಸಾವು, ಅದೇ ಮನೆಯಲ್ಲಿ ಅಂಥದೇ ಇನ್ನೆರಡು ಸಾವು. ಇವುಗಳಲ್ಲಿ ಯಾವುದಕ್ಕೂ ಯಂತ್ರ ಬೇಕಿರಲಿಲ್ಲ. ಕೇಳುವ ವ್ಯವಧಾನ ಸಾಕಿತ್ತು.

ಇಂದು ಈ ರೋಗಕ್ಕೆ ಹೆಸರಿದೆ, ಕಾರಣವಾದ ಜೀನುಗಳು ಗೊತ್ತಿವೆ, ಔಷಧಿಯೂ ಇದೆ. ಆದರೂ ರೋಗಿಯನ್ನು ಮೊದಲು ನೋಡುವ ವೈದ್ಯರಿಗೆ ಅದು ಕಣ್ಣಿಗೆ ಬೀಳದೆ ಹೋಗುವುದು ಅಪರೂಪವಲ್ಲ. ಸಂಶೋಧನೆ ಇಷ್ಟು ಮುಂದೆ ಹೋದ ಮೇಲೂ ಮೊದಲ ಹೆಜ್ಜೆ ಏಕೆ ಎಡವುತ್ತದೆ? ದೀರ್ಘ ಕ್ಯೂಟಿ ದೋಷವೆಂಬ ಒಂದೇ ಉದಾಹರಣೆಯನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಏನಿದು ಕ್ಯೂಟಿ ಅಂತರ?

ಹೃದಯದ ಪ್ರತಿ ಬಡಿತಕ್ಕೂ ಮೊದಲು ಅದರ ಸ್ನಾಯುಕೋಶಗಳಲ್ಲಿ ಒಂದು ವಿದ್ಯುತ್ ಬದಲಾವಣೆ ನಡೆಯುತ್ತದೆ. ಸೋಡಿಯಮ್ ಅಯಾನುಗಳು ಕೋಶದೊಳಕ್ಕೆ ನುಗ್ಗುತ್ತವೆ, ಕ್ಯಾಲ್ಸಿಯಮ್ ಹಿಂಬಾಲಿಸುತ್ತದೆ. ಬಳಿಕ ಪೊಟ್ಯಾಸಿಯಮ್ ಅಯಾನುಗಳು ಹೊರಹೋಗಿ ಕೋಶವನ್ನು ಮೊದಲಿನ ಸ್ಥಿತಿಗೆ ತರುತ್ತವೆ. ಒಂದೊಂದು ಬಗೆಯ ಅಯಾನಿಗೂ ಪೊರೆಯಲ್ಲಿ ಪ್ರೋಟೀನಿನಿಂದಾದ ಪ್ರತ್ಯೇಕ ಕಾಲುವೆಗಳಿವೆ. ಇಸಿಜಿಯಲ್ಲಿ ಕ್ಯೂ ಅಲೆಯ ಆರಂಭವು ಹೃತ್ಕುಕ್ಷಿಗಳು ಪ್ರಚೋದನೆಗೊಳ್ಳುವ ಕ್ಷಣವನ್ನೂ ಟಿ ಅಲೆಯ ಕೊನೆಯು ಅವು ಪೂರ್ತಿ ಚೇತರಿಸಿಕೊಂಡ ಕ್ಷಣವನ್ನೂ ತೋರಿಸುತ್ತವೆ. ಇವೆರಡರ ನಡುವಿನ ಕಾಲವೇ ಕ್ಯೂಟಿ ಅಂತರ.

ಪೊಟ್ಯಾಸಿಯಮ್ ಹೊರಹೋಗುವುದು ನಿಧಾನವಾದರೆ, ಅಥವಾ ಸೋಡಿಯಮ್ ಕಾಲುವೆ ಸರಿಯಾಗಿ ಮುಚ್ಚದೆ ಸೋರುತ್ತಿದ್ದರೆ, ಚೇತರಿಕೆ ತಡವಾಗುತ್ತದೆ. ಕ್ಯೂಟಿ ಅಂತರ ಉದ್ದವಾಗುತ್ತದೆ. ಈ ತಡವಾದ ಅವಧಿಯಲ್ಲಿ ಅಕಾಲಿಕವಾಗಿ ಒಂದು ಕಿಡಿ ಹೊತ್ತಿಕೊಂಡರೆ ಹೃತ್ಕುಕ್ಷಿಗಳು ಅತಿವೇಗದ, ಸುರುಳಿ ತಿರುಗಿದಂತೆ ಕಾಣುವ ಲಯಕ್ಕೆ ಸಿಲುಕಬಹುದು. 1966ರಲ್ಲಿ ಫ್ರಾನ್ಸಿನ ದೆಸೆರ್ತೆನ್ ಇದಕ್ಕೆ ‘ಟೋರ್ಸಾಡ್ ದ ಪ್ವಾಂತ್’, ಅಂದರೆ ತುದಿಗಳ ತಿರುಚುವಿಕೆ, ಎಂದು ಹೆಸರಿಟ್ಟರು. ಈ ಲಯದಲ್ಲಿ ರಕ್ತ ಸರಿಯಾಗಿ ಮುಂದೆ ಸಾಗುವುದಿಲ್ಲ. ವ್ಯಕ್ತಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಲಯ ತಾನಾಗಿ ಸರಿಹೋದರೆ ಎದ್ದು ಕೂರುತ್ತಾನೆ, ಸರಿಹೋಗದಿದ್ದರೆ ಸಾಯುತ್ತಾನೆ.

ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಎರಡು ಆಘಾತಗಳ ನಡುವೆ ಈ ವ್ಯಕ್ತಿ ಪೂರ್ಣ ಆರೋಗ್ಯವಂತನಂತೆ ಇರುತ್ತಾನೆ. ಸ್ಟೆತೊಸ್ಕೋಪಿಗೆ ಏನೂ ಕೇಳಿಸುವುದಿಲ್ಲ. ಸತ್ತ ಮೇಲೆ ಶವಪರೀಕ್ಷೆ ಮಾಡಿದರೂ ಹೃದಯದಲ್ಲಿ ದೋಷ ಕಾಣುವುದಿಲ್ಲ. ಕೈಗೆ ಸಿಗುವ ಸಾಕ್ಷ್ಯ ಮುಖ್ಯವಾಗಿ ಎರಡೇ: ಮನೆಯವರು ಹೇಳುವ ಕತೆ ಮತ್ತು ಇಸಿಜಿ ಕಾಗದದ ಮೇಲಿನ ಕೆಲವು ಮಿಲಿಮೀಟರುಗಳು.

ಹಾಸಿಗೆಯ ಪಕ್ಕದಲ್ಲಿ ಹುಟ್ಟಿದ ಶೋಧ

1957ರಲ್ಲಿ ನಾರ್ವೆಯ ಆಂಟನ್ ಯೆರ್ವೆಲ್ ಮತ್ತು ಫ್ರೆಡ್ ಲಾಂಗೆ-ನೀಲ್ಸನ್ ಒಂದೇ ಒಂದು ಕುಟುಂಬದ ವರದಿಯನ್ನು ಪ್ರಕಟಿಸಿದರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರು. ಆ ನಾಲ್ವರಿಗೂ ಆಗಾಗ ಪ್ರಜ್ಞೆ ತಪ್ಪುತ್ತಿತ್ತು. ಅವರಲ್ಲಿ ಮೂವರು 4, 5 ಮತ್ತು 9ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡರು. ತಂದೆತಾಯಿಗಳಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಮಕ್ಕಳ ಇಸಿಜಿಯಲ್ಲಿ ಕಂಡ ವಿಶೇಷ ಒಂದೇ, ಉದ್ದವಾದ ಕ್ಯೂಟಿ ಅಂತರ. 1963ರಲ್ಲಿ ಇಟಲಿಯ ಜಿನೋವಾದ ರೊಮಾನೊ, 1964ರಲ್ಲಿ ಐರ್ಲೆಂಡಿನ ಡಬ್ಲಿನ್‌ನ ವಾರ್ಡ್ ಬೇರೆ ಬೇರೆಯಾಗಿ ಇದೇ ದೋಷವನ್ನು ಕಿವುಡಿಲ್ಲದ ಕುಟುಂಬಗಳಲ್ಲಿ ಕಂಡರು. ಇಬ್ಬರೂ ಮಕ್ಕಳ ವೈದ್ಯರು.

ಈ ಮೂರು ವರದಿಗಳಲ್ಲಿ ದೊಡ್ಡ ಸಂಖ್ಯೆಗಳಿಲ್ಲ, ಸಂಖ್ಯಾಶಾಸ್ತ್ರದ ಆಡಂಬರವಿಲ್ಲ. ಆದರೂ ಅವು ಇಂದಿಗೂ ನಿಂತಿವೆ. ಕಾರಣ ಸರಳ. ಕುಟುಂಬದ ಕತೆಯನ್ನು ಅವರು ಪೂರ್ತಿ ಕೇಳಿದರು, ಮತ್ತು ಇಸಿಜಿಯನ್ನು ನೋಡಿ ಬಿಡದೆ ಅಳೆದರು.

1979ರಲ್ಲಿ ಅಮೆರಿಕದ ಆರ್ಥರ್ ಮಾಸ್, ಇಟಲಿಯ ಪೀಟರ್ ಶ್ವಾರ್ಟ್ಸ್ ಮತ್ತು ಸಂಗಡಿಗರು ಈ ಕುಟುಂಬಗಳ ಅಂತರರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿದರು. ಅಪರೂಪದ ರೋಗವನ್ನು ದಶಕಗಳ ಕಾಲ ಹಿಂಬಾಲಿಸಲು ಇದು ಸಮರ್ಥ ಮಾರ್ಗವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರಲ್ಲಿ ಒಂದು ಓರೆಯೂ ಇತ್ತು. ದೊಡ್ಡ ಆಸ್ಪತ್ರೆಗಳ ಗಮನಕ್ಕೆ ಬರುವವರು ತೀವ್ರವಾಗಿ ಬಾಧಿತರಾದವರು. ಅವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ರೋಗವು ಇರುವುದಕ್ಕಿಂತ ಅಪರೂಪವೂ ಭೀಕರವೂ ಆಗಿ ಕಾಣುತ್ತದೆ. ಈ ಓರೆಯನ್ನು ತಿದ್ದಿದ್ದು ಇಟಲಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ. ಅದರಲ್ಲಿ 44 ಸಾವಿರಕ್ಕೂ ಹೆಚ್ಚು ಶಿಶುಗಳ ಇಸಿಜಿ ತೆಗೆಯಲಾಯಿತು. ಸುಮಾರು 2000 ಮಕ್ಕಳಲ್ಲಿ ಒಬ್ಬರಿಗೆ ಈ ದೋಷವಿದೆ ಎಂದು ತಿಳಿದುಬಂತು. ಅಂದರೆ ಕೆಲವು ಸಾವಿರ ಮಕ್ಕಳು ಓದುವ ಒಂದು ಪಟ್ಟಣದಲ್ಲಿ ಇಂಥವರು ಒಬ್ಬಿಬ್ಬರಾದರೂ ಇರುವ ಸಂಭವವಿದೆ.

ಬೀದಿ ಸರಿ, ಮನೆ ತಪ್ಪು

ಜೀನುಗಳ ಹುಡುಕಾಟದ ಮೊದಲ ಘಟ್ಟ ನಿಜಕ್ಕೂ ಮೆಚ್ಚುವಂಥದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮಾರ್ಕ್ ಕೀಟಿಂಗ್ ಮತ್ತು ಸಂಗಡಿಗರು ರೋಗವಿರುವ ದೊಡ್ಡದೊಂದು ಕುಟುಂಬದ ವಂಶವೃಕ್ಷವನ್ನು ಹಿಡಿದು ಹೊರಟರು. ರೋಗದ ಜೊತೆಯಲ್ಲೇ ತಲೆಮಾರಿನಿಂದ ತಲೆಮಾರಿಗೆ ಸಾಗುವ ಗುರುತು 11ನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿದೆ ಎಂದು 1991ರಲ್ಲಿ ತೋರಿಸಿದರು. ಅಲ್ಲಿದ್ದ ಎಚ್‌ರಾಸ್ ಎಂಬ ಜೀನೇ ಅಪರಾಧಿಯಿರಬಹುದೆಂದು ಆಗ ಅವರು ಊಹಿಸಿದರು. ಆ ಊಹೆ ಮುಂದೆ ಸುಳ್ಳಾಯಿತು. ಬೀದಿ ಸರಿಯಿತ್ತು, ಮನೆ ತಪ್ಪಿತ್ತು. ಅದೇ ಬೀದಿಯಲ್ಲಿದ್ದ ನಿಜವಾದ ಜೀನು, ಕೆಸಿಎನ್‌ಕ್ಯೂ1, 1996ರಲ್ಲಿ ಸಿಕ್ಕಿತು. ಅದಕ್ಕೆ ಒಂದು ವರ್ಷ ಮೊದಲು ಇನ್ನೊಂದು ಪೊಟ್ಯಾಸಿಯಮ್ ಕಾಲುವೆಯ ಜೀನು ಕೆಸಿಎನ್ಎಚ್2 ಹಾಗೂ ಸೋಡಿಯಮ್ ಕಾಲುವೆಯ ಜೀನು ಎಸ್‌ಸಿಎನ್5ಎ ಪತ್ತೆಯಾಗಿದ್ದವು.

1997ರಲ್ಲಿ ಕಿವುಡಿನ ಒಗಟೂ ಬಿಡಿಸಿತು. ಕೆಸಿಎನ್‌ಕ್ಯೂ1 ರೂಪಿಸುವ ಕಾಲುವೆ ಹೃದಯದಲ್ಲಷ್ಟೇ ಅಲ್ಲ, ಒಳಗಿವಿಯಲ್ಲೂ ಇದೆ. ಅಲ್ಲಿನ ದ್ರವದಲ್ಲಿ ಪೊಟ್ಯಾಸಿಯಮ್ ಹೆಚ್ಚಾಗಿರುವಂತೆ ಅದು ನೋಡಿಕೊಳ್ಳುತ್ತದೆ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಕಿವಿ ಹೇಗೋ ಸುಧಾರಿಸಿಕೊಳ್ಳುತ್ತದೆ, ಹೃದಯಕ್ಕೆ ಮಾತ್ರ ತೊಂದರೆಯಾಗಬಹುದು. ಎರಡೂ ಕೆಟ್ಟರೆ ಹೃದಯದ ಜೊತೆಗೆ ಕಿವಿಯೂ ಸೋಲುತ್ತದೆ. ಲೈಪ್‌ಜಿಗ್‌ನ ಹುಡುಗಿಯ ಕತೆಯಲ್ಲಿದ್ದ ಸುಳಿವುಗಳಿಗೆ ಸುಮಾರು 140 ವರ್ಷಗಳ ಬಳಿಕ ಹೀಗೆ ಒಂದೇ ವಿವರಣೆ ದೊರೆಯಿತು.

ಅವಸರದ ಫಸಲು

ಎರಡನೆಯ ಘಟ್ಟದ ಬಗ್ಗೆ ಇಷ್ಟೇ ಮೆಚ್ಚುಗೆಯ ಮಾತು ಹೇಳಲಾಗದು. ಮೊದಲ ಯಶಸ್ಸಿನ ನಂತರ ದೀರ್ಘ ಕ್ಯೂಟಿ ದೋಷದ ಜೀನುಗಳೆಂದು ವರದಿಯಾದವುಗಳ ಸಂಖ್ಯೆ 17ಕ್ಕೆ ಏರಿತು. 2020ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಈ 17ರ ಸಾಕ್ಷ್ಯವನ್ನು ಒಂದೊಂದಾಗಿ ಮರುಪರಿಶೀಲಿಸಿತು. ರೋಗದ ಸಾಮಾನ್ಯ ರೂಪಕ್ಕೆ ಖಚಿತ ಕಾರಣವೆಂದು ಉಳಿದವು ಮೂರೇ, ಅಂದರೆ 1995–96ರಲ್ಲಿ ಸಿಕ್ಕ ಅದೇ ಮೂರು. ಇನ್ನು ನಾಲ್ಕಕ್ಕೆ ರೋಗದ ವಿಶಿಷ್ಟ ರೂಪಗಳ ಮಟ್ಟಿಗೆ ಬಲವಾದ ಸಾಕ್ಷ್ಯವಿತ್ತು. ಒಂಬತ್ತು ಜೀನುಗಳ ಸಾಕ್ಷ್ಯ ಸೀಮಿತ ಅಥವಾ ವಿವಾದಾಸ್ಪದ ಎಂದಾಯಿತು. ಬ್ರುಗಾಡ ದೋಷವೆಂಬ ಇನ್ನೊಂದು ಆನುವಂಶಿಕ ಲಯದೋಷದ್ದೂ ಇದೇ ಪಾಡು. 2018ರ ಮರುಪರಿಶೀಲನೆಯಲ್ಲಿ 21 ಜೀನುಗಳ ಪೈಕಿ ಒಂದು ಮಾತ್ರ ಗಟ್ಟಿಯಾಗಿ ನಿಂತಿತು.

ತಪ್ಪಿದ್ದೆಲ್ಲಿ? ಸಂಶಯಕ್ಕೆ ಅರ್ಹವಾದ ಜೀನೊಂದನ್ನು ಆರಿಸುವುದು, ಕೆಲವೇ ರೋಗಿಗಳಲ್ಲಿ ಅದನ್ನು ಓದುವುದು, ಅಪರೂಪದ ಬದಲಾವಣೆಯೊಂದು ಕಂಡರೆ ಅದನ್ನು ಕೃಷಿ ಮಾಡಿದ ಕೋಶದಲ್ಲಿಟ್ಟು ವಿದ್ಯುತ್ ಪ್ರವಾಹದಲ್ಲಿ ವ್ಯತ್ಯಾಸವಾಯಿತೆಂದು ತೋರಿಸುವುದು, ಇಷ್ಟನ್ನೇ ಸಾಕ್ಷ್ಯವೆಂದು ಒಪ್ಪಲಾಯಿತು. ಎರಡು ಪ್ರಶ್ನೆಗಳನ್ನು ಸಾಕಷ್ಟು ಒತ್ತಿ ಕೇಳಲಿಲ್ಲ. ಈ ಬದಲಾವಣೆ ಆರೋಗ್ಯವಂತರಲ್ಲೂ ಇದೆಯೇ? ಕುಟುಂಬದಲ್ಲಿ ರೋಗವಿರುವವರಲ್ಲಿ ಇದ್ದು, ಇಲ್ಲದವರಲ್ಲಿ ಇಲ್ಲದಿರುತ್ತದೆಯೇ? 2010ರ ದಶಕದಲ್ಲಿ ಸಾವಿರಾರು ಜನಸಾಮಾನ್ಯರ ಜೀನೋಮುಗಳು ಓದಲು ಸಿಕ್ಕಾಗ, ರೋಗಕಾರಕವೆಂದು ಹೆಸರಾಗಿದ್ದ ಅನೇಕ ಬದಲಾವಣೆಗಳು ಅಲ್ಲೂ ಕಂಡವು. ಕೀಟಿಂಗ್ ಅವರ ದಾರಿಯಲ್ಲಿ ಕುಟುಂಬ ಮೊದಲು, ಜೀನು ನಂತರ. ಈ ಎರಡನೆಯ ದಾರಿಯಲ್ಲಿ ಜೀನು ಮೊದಲಾಯಿತು, ಕುಟುಂಬ ಹಿಂದೆ ಉಳಿಯಿತು.

ಇದರಲ್ಲಿ ನಮಗೆ ನೇರವಾಗಿ ಸಂಬಂಧಿಸಿದ ಮಾತೊಂದಿದೆ. ಜಗತ್ತಿನ ಜೀನೋಮ್ ಕೋಶಗಳಲ್ಲಿ ಯೂರೋಪು ಮೂಲದವರದೇ ಸಿಂಹಪಾಲು. ಭಾರತೀಯರೊಬ್ಬರಲ್ಲಿ ಕಂಡ ಬದಲಾವಣೆ ‘ಅಪರೂಪ’ ಎನಿಸುವುದು, ನಮ್ಮವರನ್ನು ಎಣಿಸಿದ್ದೇ ಕಡಿಮೆ ಎಂಬ ಕಾರಣಕ್ಕೂ ಇರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಸಮನ್ವಯ ವಹಿಸಿದ ‘ಜೀನೋಮ್ ಇಂಡಿಯಾ’ ಯೋಜನೆಯಡಿ ಸುಮಾರು 10 ಸಾವಿರ ಭಾರತೀಯರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು. ಈ ಕೊರತೆಯನ್ನು ತುಂಬುವತ್ತ ಅದೊಂದು ಅಗತ್ಯವಾದ ಹೆಜ್ಜೆ.

ಜೀನು ಪರೀಕ್ಷೆ ಬೇಡ ಎಂಬುದು ಇದರ ಅರ್ಥವಲ್ಲ. ದೋಷಯುಕ್ತ ಜೀನು ಇರುವವರಲ್ಲಿ ಸುಮಾರು ಕಾಲು ಭಾಗದಷ್ಟು ಜನರ ಕ್ಯೂಟಿ ಅಂತರ ಸಾಮಾನ್ಯ ಮಿತಿಯಲ್ಲೇ ಇರುತ್ತದೆ. ರೋಗಿಯ ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಇಂಥವರನ್ನು ಪತ್ತೆಹಚ್ಚಲು ಜೀನು ಪರೀಕ್ಷೆಯೇ ಬೇಕು. ಆದರೆ ಅದು ಎರಡನೆಯ ಹೆಜ್ಜೆ. ಕುಟುಂಬದಲ್ಲಿ ಮೊದಲ ರೋಗಿಯನ್ನು ಗುರುತಿಸಬೇಕಾದದ್ದು ವೈದ್ಯರ ಕಣ್ಣು ಮತ್ತು ಕಿವಿ.

ನಾಲ್ಕು ಇಸಿಜಿಗಳ ಪರೀಕ್ಷೆ

ಆ ಕಣ್ಣು ಎಷ್ಟು ಚುರುಕಾಗಿದೆ? ಇಸ್ರೇಲಿನ ಹೃದ್ರೋಗ ತಜ್ಞ ಸಾಮಿ ವಿಸ್ಕಿನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೇಳಿತು. ನಾಲ್ಕು ಇಸಿಜಿಗಳನ್ನು 12 ದೇಶಗಳ 902 ವೈದ್ಯರ ಮುಂದಿಡಲಾಯಿತು. ಎರಡು ದೀರ್ಘ ಕ್ಯೂಟಿ ದೋಷವಿದ್ದವರವು, ಎರಡು ಆರೋಗ್ಯವಂತರವು. ನಾಲ್ಕನ್ನೂ ಸರಿಯಾಗಿ ವಿಂಗಡಿಸಿದವರು ಕ್ಯೂಟಿ ಪರಿಣತರಲ್ಲಿ ಶೇ. 96, ಲಯದೋಷ ತಜ್ಞರಲ್ಲಿ ಶೇ. 62. ಉಳಿದ ಹೃದ್ರೋಗ ತಜ್ಞರು ಹಾಗೂ ಇತರ ವೈದ್ಯರಲ್ಲಿ ಶೇ. 25ಕ್ಕಿಂತಲೂ ಕಡಿಮೆ.

ಈ ಅಧ್ಯಯನಕ್ಕೂ ಮಿತಿಗಳಿವೆ. ನಾಲ್ಕೇ ಇಸಿಜಿಗಳಿಂದ ಇಡೀ ವೃತ್ತಿಯನ್ನು ಅಳೆಯುವುದು ಕಷ್ಟ. ರೋಗಿಯ ಕತೆಯಿಲ್ಲದೆ ಬರಿಯ ಕಾಗದವನ್ನು ಓದುವುದು ವೈದ್ಯರ ದಿನನಿತ್ಯದ ಕೆಲಸದಂತೆಯೂ ಅಲ್ಲ. ಆದರೂ ಒಂದು ಅಂಶವನ್ನು ತಳ್ಳಿಹಾಕಲಾಗದು. ತಪ್ಪುಗಳು ಎರಡೂ ದಿಕ್ಕಿನಲ್ಲಿದ್ದವು. ರೋಗಿಗಳ ಕ್ಯೂಟಿಯನ್ನು ಗಿಡ್ಡವಾಗಿಯೂ ಆರೋಗ್ಯವಂತರದನ್ನು ಉದ್ದವಾಗಿಯೂ ಓದಲಾಗಿತ್ತು.

ಎರಡನೆಯ ಬಗೆಯ ತಪ್ಪು ನಿರುಪದ್ರವಿ ಎಂದು ತಿಳಿಯಬಾರದು. ಅಮೆರಿಕದ ಮೇಯೊ ಕ್ಲಿನಿಕ್‌ನ ತಂಡವೊಂದು 2007ರಲ್ಲಿ, ದೀರ್ಘ ಕ್ಯೂಟಿ ದೋಷವಿದೆ ಎಂದು ಬೇರೆಡೆ ಹೇಳಿಸಿಕೊಂಡು ಬಂದ 176 ಜನರ ಮರುಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿತು. ಅವರಲ್ಲಿ ಶೇ. 41ರಷ್ಟು ಜನರಿಗೆ ಆ ರೋಗವೇ ಇರಲಿಲ್ಲ. ಖಚಿತವಾಗಿ ಇದ್ದದ್ದು ಶೇ. 27ರಲ್ಲಿ. ಇಲ್ಲದ ರೋಗದ ಹಣೆಪಟ್ಟಿ ಬಿದ್ದ ಮಗುವಿಗೆ ಆಟ ನಿಲ್ಲುತ್ತದೆ, ಮಾತ್ರೆ ಶುರುವಾಗುತ್ತದೆ, ಮನೆಯಲ್ಲಿ ಭಯ ಕಾಯಂ ಆಗುತ್ತದೆ.

ಸ್ಕೇಲು ಹಿಡಿದ 151 ವಿದ್ಯಾರ್ಥಿಗಳು

ತಜ್ಞರ ಸ್ಥಿತಿಯೇ ಹೀಗಾದರೆ ವಿದ್ಯಾರ್ಥಿಗಳದೇನು? ಇಸಿಜಿ ಓದುವಿಕೆಯ ಬಗ್ಗೆ ನಡೆದ 78 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2020ರಲ್ಲಿ ಪ್ರಕಟವಾಯಿತು. ವಿಶೇಷ ತರಬೇತಿಗೆ ಮೊದಲು ವೈದ್ಯ ವಿದ್ಯಾರ್ಥಿಗಳ ಉತ್ತರಗಳಲ್ಲಿ ಸರಿಯಿದ್ದದ್ದು ಶೇ. 42ರಷ್ಟು. ಹೃದ್ರೋಗ ತಜ್ಞರದೂ ಶೇ. 75ರ ಆಸುಪಾಸು.

ಇದು ಬುದ್ಧಿಯ ಕೊರತೆಯೆನ್ನಲಾಗದು, ಕಲಿಸುವ ಕ್ರಮದ ಕೊರತೆ. ಇಸಿಜಿಯನ್ನು ನಾವು ಸಾಮಾನ್ಯವಾಗಿ ಚಿತ್ರಪಟದಂತೆ ಕಲಿಸುತ್ತೇವೆ. ‘ಈ ಆಕಾರ ಕಂಡರೆ ಈ ರೋಗ’ ಎಂದು ಬಾಯಿಪಾಠ ಮಾಡಿಸುತ್ತೇವೆ. ಹೃದಯಾಘಾತದಂಥ ರೋಗಗಳಲ್ಲಿ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ಉದ್ದವಾದ ಕ್ಯೂಟಿಗೆ ನಿಶ್ಚಿತವಾದ ಒಂದು ಆಕಾರವಿಲ್ಲ. ಅದು ಒಂದು ಅಳತೆ. ಅಳತೆಯನ್ನು ಕಣ್ಣಂದಾಜಿನಲ್ಲಿ ಕಲಿಸಲು ಹೊರಟಾಗ ಎಡವುವುದು ಸಹಜ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತ ಕಾಲವನ್ನು ಕಣ್ಣಂದಾಜಿನಲ್ಲಿ ಬರೆದುಕೊಂಡು ಬಂದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ, ಅಲ್ಲವೇ?

ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಚಲಿಸುತ್ತದೆ. ಒಂದು ಮಿಲಿಮೀಟರಿನ ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು. ಒಬ್ಬರ ಕ್ಯೂಟಿ 10 ಚೌಕಗಳಷ್ಟಿದೆ ಎನ್ನೋಣ, ಅಂದರೆ 0.40 ಸೆಕೆಂಡು ಅಥವಾ 400 ಮಿಲಿಸೆಕೆಂಡು. ಇದು ಹೆಚ್ಚೋ ಕಡಿಮೆಯೋ? ಇಷ್ಟರಿಂದಲೇ ಹೇಳಲಾಗದು. ಹೃದಯ ವೇಗವಾಗಿ ಬಡಿಯುವಾಗ ಕ್ಯೂಟಿ ಸಹಜವಾಗಿಯೇ ಗಿಡ್ಡವಾಗಬೇಕು. ಅದಕ್ಕಾಗಿ 1920ರಲ್ಲಿ ಬ್ಯಾಜೆಟ್ ಒಂದು ಸೂತ್ರ ಕೊಟ್ಟರು: ಕ್ಯೂಟಿಯನ್ನು, ಸೆಕೆಂಡುಗಳಲ್ಲಿ ಅಳೆದ ಎರಡು ಬಡಿತಗಳ ನಡುವಿನ ಅಂತರದ ವರ್ಗಮೂಲದಿಂದ ಭಾಗಿಸಬೇಕು. ಬಡಿತಗಳ ಅಂತರ 25 ಚೌಕ, ಅಂದರೆ 1 ಸೆಕೆಂಡು ಆಗಿದ್ದರೆ, ಸರಿಪಡಿಸಿದ ಕ್ಯೂಟಿ 400 ಮಿಲಿಸೆಕೆಂಡೇ. ಇದು ಸಾಮಾನ್ಯ. ಅಂತರ 16 ಚೌಕ, ಅಂದರೆ 0.64 ಸೆಕೆಂಡು ಆಗಿದ್ದರೆ, ಅದರ ವರ್ಗಮೂಲ 0.8. ಆಗ 400ನ್ನು 0.8ರಿಂದ ಭಾಗಿಸಿದರೆ 500. ಗಂಡಸರಲ್ಲಿ 450, ಹೆಂಗಸರಲ್ಲಿ 460 ದಾಟಿದರೆ ಉದ್ದವೆಂದು ಎಣಿಸುತ್ತಾರೆ. ಮತ್ತೆ ಮತ್ತೆ ಅಳೆದರೂ 480 ಅಥವಾ ಹೆಚ್ಚಿದ್ದು ಬೇರೆ ಕಾರಣ ಕಾಣದಿದ್ದರೆ ರೋಗನಿರ್ಣಯಕ್ಕೆ ಅಷ್ಟೇ ಸಾಕಾಗುತ್ತದೆ. 500 ಎಂದರೆ ಅಪಾಯದ ಗೆರೆ. ಒಂದೇ 10 ಚೌಕ, ಒಬ್ಬರಲ್ಲಿ ಆರೋಗ್ಯ, ಇನ್ನೊಬ್ಬರಲ್ಲಿ ಗಂಡಾಂತರ!

ಬ್ಯಾಜೆಟ್ ಸೂತ್ರವೂ ಪರಿಪೂರ್ಣವಲ್ಲ. ಬಡಿತ ತೀರ ವೇಗವಾದಾಗ ಅದು ಕ್ಯೂಟಿಯನ್ನು ಹಿಗ್ಗಿಸಿ, ತೀರ ನಿಧಾನವಾದಾಗ ಕುಗ್ಗಿಸಿ ತೋರಿಸುತ್ತದೆ. ಇನ್ನೊಂದು ತೊಡಕು ಟಿ ಅಲೆಯ ಕೊನೆಯನ್ನು ನಿರ್ಧರಿಸುವುದು. ಅದರ ಹಿಂದೆಯೇ ಬರುವ ಸಣ್ಣ ಯು ಅಲೆಯನ್ನು ಸೇರಿಸಿಕೊಂಡು ಅಳೆದರೆ ಆರೋಗ್ಯವಂತರೂ ರೋಗಿಗಳಾಗುತ್ತಾರೆ. ಇದಕ್ಕೆ ಉಪಾಯವೆಂದರೆ ಟಿ ಅಲೆ ಇಳಿಯುವ ಕಡೆ ಅತ್ಯಂತ ಕಡಿದಾದ ಭಾಗಕ್ಕೆ ಒಂದು ಸ್ಪರ್ಶಕ ಎಳೆಯುವುದು. ಅದು ಆಧಾರರೇಖೆಯನ್ನು ಕೂಡುವ ಬಿಂದುವೇ ಟಿ ಅಲೆಯ ಕೊನೆ. ಪ್ರೌಢಶಾಲೆಯ ರೇಖಾಗಣಿತ ಬಲ್ಲವರು ಇದನ್ನು ಮಾಡಬಲ್ಲರು.

ಆಮ್‌ಸ್ಟರ್‌ಡಾಮಿನ ಪೋಸ್ಟೆಮ ಮತ್ತು ಸಂಗಡಿಗರು ಈ ಸ್ಪರ್ಶಕ ವಿಧಾನವನ್ನು 151 ವೈದ್ಯ ವಿದ್ಯಾರ್ಥಿಗಳಿಗೆ ಕಲಿಸಿ, ಅವರಿಂದ ಇಸಿಜಿಗಳನ್ನು ಅಳೆಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಗಮನಾರ್ಹ. ಈ ವಿದ್ಯಾರ್ಥಿಗಳ ನಿಖರತೆ, ವಿಸ್ಕಿನ್ ಅಧ್ಯಯನದ ಸಾಮಾನ್ಯ ಹೃದ್ರೋಗ ತಜ್ಞರನ್ನು ಮೀರಿ ಲಯದೋಷ ತಜ್ಞರ ಮಟ್ಟಕ್ಕೆ ಸರಿದೂಗಿತು. ವರ್ಷಗಳ ಅನುಭವ ತುಂಬಿಕೊಡದಿದ್ದ ಕೊರತೆಯನ್ನು ಒಂದು ಸ್ಪಷ್ಟವಾದ ವಿಧಾನ ತುಂಬಿಕೊಟ್ಟಿತು.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಕಲಿಸಿದ ವಿಷಯದ ಮೇಲೆಯೇ ನಡೆಯುವ ಪರೀಕ್ಷೆಯಲ್ಲಿ ಗೆಲ್ಲುವುದು ಒಂದು, ನೂರು ರೋಗಿಗಳ ನಡುವೆ, ರಾತ್ರಿ ಪಾಳಿಯ ಆಯಾಸದಲ್ಲಿ, ಅಳೆಯಬೇಕೆಂದು ಹೊಳೆಯುವುದು ಇನ್ನೊಂದು. ಇಂದಿನ ಇಸಿಜಿ ಯಂತ್ರಗಳು ಕ್ಯೂಟಿಯನ್ನು ತಾವೇ ಮುದ್ರಿಸಿಕೊಡುತ್ತವೆ. ಟಿ ಅಲೆ ಚಪ್ಪಟೆಯಾಗಿದ್ದರೆ, ಸೀಳಿದ್ದರೆ ಯಂತ್ರವೂ ತಪ್ಪುತ್ತದೆ. ಕೈಯಿಂದ ಅಳೆದು ಅಭ್ಯಾಸವಿಲ್ಲದವರಿಗೆ ಯಂತ್ರದ ತಪ್ಪು ತಪ್ಪೆಂದು ತಿಳಿಯುವ ಬಗೆ ಹೇಗೆ?

ಕೇಳಬೇಕಾದ ಪ್ರಶ್ನೆಗಳು

ಅಳೆಯಬೇಕೆಂದು ಹೊಳೆಯಬೇಕಾದರೆ ಮೊದಲು ಕೇಳಬೇಕು. ಮಗು ಬಿದ್ದಾಗ ಏನು ಮಾಡುತ್ತಿತ್ತು? 670 ರೋಗಿಗಳನ್ನು ಕುರಿತು 2001ರಲ್ಲಿ ಪ್ರಕಟವಾದ ಶ್ವಾರ್ಟ್ಸ್ ಮತ್ತು ಸಂಗಡಿಗರ ಅಧ್ಯಯನ ಈ ಪ್ರಶ್ನೆಯ ಬೆಲೆಯನ್ನು ತೋರಿಸಿತು. ಕೆಸಿಎನ್‌ಕ್ಯೂ1 ಜೀನಿನ ದೋಷವಿದ್ದವರಲ್ಲಿ ಶೇ. 62ರಷ್ಟು ಆಘಾತಗಳು ದೈಹಿಕ ಶ್ರಮದ ವೇಳೆ ಸಂಭವಿಸಿದ್ದವು. ಈಜುವುದು ಇವರಿಗೆ ವಿಶೇಷವಾಗಿ ಅಪಾಯಕಾರಿ. ಕೆಸಿಎನ್ಎಚ್2 ದೋಷವಿದ್ದವರಲ್ಲಿ ಶೇ. 43ರಷ್ಟು ಭಾವೋದ್ವೇಗದ ವೇಳೆ ಬಂದಿದ್ದವು. ಅಲಾರಾಂ, ಟೆಲಿಫೋನುಗಳ ಹಠಾತ್ ಸದ್ದು ಇವರಿಗೆ ಮಾರಕವಾಗಬಹುದು. ಎಸ್‌ಸಿಎನ್5ಎ ದೋಷವಿದ್ದವರಲ್ಲಿ ಶೇ. 39ರಷ್ಟು ನಿದ್ದೆ ಅಥವಾ ವಿಶ್ರಾಂತಿಯಲ್ಲಿದ್ದಾಗ. ಇದೇ ಈ ಸಂಶೋಧನೆಯ ದೊಡ್ಡ ಸೊಗಸು. ಪ್ರಯೋಗಶಾಲೆಯ ಜೀನು ಮತ್ತು ತಾಯಿ ಹೇಳುವ ಕತೆ ಇಲ್ಲಿ ಒಂದನ್ನೊಂದು ಪುಷ್ಟೀಕರಿಸುತ್ತವೆ.

ಇನ್ನೊಂದು ಪ್ರಶ್ನೆ ಮನೆತನದ್ದು. ‘ಮನೆಯಲ್ಲಿ ಯಾರಿಗಾದರೂ ಹೃದ್ರೋಗವಿದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಏಕೆಂದರೆ ಅವರ ದೃಷ್ಟಿಯಲ್ಲಿ ಅದು ಹೃದ್ರೋಗವಾಗಿರಲಿಲ್ಲ. ಬದಲಾಗಿ ಹೀಗೆ ಕೇಳಬೇಕು: ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡರೇ? ಈಜು ಬಲ್ಲವರು ಕೆರೆಯಲ್ಲಿ ಮುಳುಗಿದ್ದುಂಟೇ? ಮಲಗಿದವರು ಏಳದೆ ಹೋದದ್ದುಂಟೇ? ಫಿಟ್ಸ್ ಎಂದು ಮಾತ್ರೆ ನುಂಗಿಯೂ ಗುಣವಾಗದವರಿದ್ದಾರೆಯೇ? ಹುಟ್ಟುಕಿವುಡರಿದ್ದಾರೆಯೇ? ಹೃದಯದ ಲಯ ಕೆಟ್ಟು ಮಿದುಳಿಗೆ ರಕ್ತ ನಿಂತಾಗಲೂ ಕೈಕಾಲು ಸೆಳೆಯಬಹುದು. ಹಾಗಾಗಿ ಈ ರೋಗಿಗಳಿಗೆ ವರ್ಷಗಟ್ಟಲೆ ಮೂರ್ಛೆರೋಗದ ಚಿಕಿತ್ಸೆ ನಡೆದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಹೇರಳವಾಗಿವೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಗಳಿಗೆ ಇನ್ನೂ ಹೆಚ್ಚಿನ ಮಹತ್ವವಿದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಕ್ಕಳು ಮಾವನ ಮಕ್ಕಳು ಮದುವೆಯಾಗುವುದು ಕರ್ನಾಟಕದಲ್ಲಿ ಬಹುಕಾಲದ ರೂಢಿ. ರಕ್ತಸಂಬಂಧಿಗಳಾದ ತಂದೆತಾಯಿಗಳಲ್ಲಿ ಒಂದೇ ಪೂರ್ವಜರಿಂದ ಬಂದ ದೋಷಯುಕ್ತ ಜೀನಿನ ಒಂದೊಂದು ಪ್ರತಿ ಇದ್ದರೆ, ಮಗುವಿಗೆ ಎರಡೂ ದೊರೆಯುವ ಸಂಭವ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು. ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ವರ್ಣಿಸಿದ ಕಿವುಡಿನೊಂದಿಗಿನ ತೀವ್ರ ರೂಪ ಬರುವುದು ಹೀಗೆ. ಹುಟ್ಟುಕಿವುಡಿನ ಮಗುವಿಗೆಲ್ಲ ಈ ರೋಗವಿರುತ್ತದೆಂದಲ್ಲ, ಇರುವುದು ತೀರ ಕೆಲವರಲ್ಲಿ. ಆದರೆ ಶ್ರವಣ ಪರೀಕ್ಷೆಯ ಜೊತೆಗೆ ಒಂದು ಇಸಿಜಿ ತೆಗೆಯಲು ತಗಲುವ ಕಾಲ ಮತ್ತು ವೆಚ್ಚ ಅಲ್ಪ, ತಪ್ಪಿಹೋದರೆ ನಷ್ಟ ಅಪಾರ.

ಏನು ಬದಲಾಗಬೇಕು?

2019ರಲ್ಲಿ ಭಾರತದ ಎಂಬಿಬಿಎಸ್ ಶಿಕ್ಷಣಕ್ಕೆ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂತು. ಇಸಿಜಿ ತೆಗೆಯುವುದೂ ಓದುವುದೂ ಅದರಲ್ಲಿ ಸೇರಿವೆ. ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ಸಾಮರ್ಥ್ಯ ಕೈಗೆ ಬರುವುದಿಲ್ಲ. ಪ್ರತಿ ವಿದ್ಯಾರ್ಥಿಯೂ ಸ್ಕೇಲು ಮತ್ತು ಪೆನ್ಸಿಲು ಹಿಡಿದು ಕೆಲವು ಹತ್ತು ಇಸಿಜಿಗಳನ್ನಾದರೂ ಅಳೆದು, ತನ್ನ ಅಳತೆಯನ್ನು ಗೆಳೆಯರ ಅಳತೆಯೊಂದಿಗೆ ಹೋಲಿಸಿ, ವ್ಯತ್ಯಾಸವೇಕೆ ಬಂತೆಂದು ಚರ್ಚಿಸಬೇಕು. ಪ್ರಜ್ಞೆ ತಪ್ಪಿ ಬಂದ ಪ್ರತಿ ರೋಗಿಯ ಮೂರು ತಲೆಮಾರಿನ ವಂಶವೃಕ್ಷವನ್ನು ಬರೆಯಬೇಕು. ಸಂಶೋಧನಾ ಪ್ರಬಂಧ ಓದುವಾಗ, ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನು, ಆರೋಗ್ಯವಂತರಲ್ಲೂ ಇದೆಯೇ, ಕುಟುಂಬದಲ್ಲಿ ರೋಗದ ಜೊತೆಗೇ ಸಾಗುತ್ತದೆಯೇ ಎಂಬುದನ್ನು, ಕೇಳಲು ಕಲಿಯಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ದುಬಾರಿ ಉಪಕರಣ ಬೇಡ. ಕಲಿಸುವವರ ಸಮಯ ಬೇಕು. ಬಹುಶಃ ಅದೇ ನಮ್ಮಲ್ಲಿ ದುರ್ಲಭವಾಗಿರುವುದು.

ಶಾಲಾ ಶಿಕ್ಷಕರಿಗೂ ಇಲ್ಲಿ ಪಾತ್ರವಿದೆ. ಬಿಸಿಲಿನಲ್ಲಿ ಪ್ರಾರ್ಥನೆಗೆ ಬಹಳ ಹೊತ್ತು ನಿಂತು ತಲೆಸುತ್ತಿ ಬೀಳುವ ಮಕ್ಕಳು ಅನೇಕರಿರುತ್ತಾರೆ. ಅದು ಬಹುಮಟ್ಟಿಗೆ ನಿರಪಾಯ. ಆದರೆ ಓಡುತ್ತಿರುವಾಗಲೇ, ಈಜುತ್ತಿರುವಾಗಲೇ, ಗದರಿದಾಗ ಅಥವಾ ಗಂಟೆಯ ಸದ್ದಿಗೆ ಬೆಚ್ಚಿದಾಗ ಕುಸಿದು ಬೀಳುವ ಮಗುವಿನ ವಿಷಯ ಬೇರೆ. ಬಿದ್ದ ಮಗು ಪ್ರತಿಕ್ರಿಯಿಸದೆ, ಸಹಜವಾಗಿ ಉಸಿರಾಡದೆ ಇದ್ದರೆ ತಕ್ಷಣ 108ಕ್ಕೆ ಕರೆಮಾಡಿಸಿ, ಎದೆಯನ್ನು ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಬೇಕು. ಮಗು ತಾನಾಗಿ ಎದ್ದು ಕೂತರೂ ‘ಏನೂ ಆಗಿಲ್ಲ’ ಎಂದು ಬಿಡಬಾರದು. ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ಬಿದ್ದಿತೆಂದು ಬರೆದಿಟ್ಟು, ಒಂದು ಇಸಿಜಿ ಮಾಡಿಸುವಂತೆ ಹೆತ್ತವರಿಗೆ ಹೇಳಬೇಕು. ರೋಗ ಪತ್ತೆಯಾದರೆ ಚಿಕಿತ್ಸೆ ಇದೆ. ಬೀಟಾ ತಡೆಕಾರಕ ಎಂಬ ಗುಂಪಿನ ಮಾತ್ರೆಗಳು ಬಹಳಷ್ಟು ಮಕ್ಕಳನ್ನು ಕಾಪಾಡುತ್ತವೆ. ಕ್ಯೂಟಿಯನ್ನು ಹಿಗ್ಗಿಸುವ ಔಷಧಿಗಳನ್ನು ಅವರು ಸೇವಿಸದಂತೆ ನೋಡಿಕೊಳ್ಳಬಹುದು.

ಲೈಪ್‌ಜಿಗ್‌ನ ಆ ತಂದೆತಾಯಿಗಳಿಗೆ ರೋಗದ ಹೆಸರು ಗೊತ್ತಿರಲಿಲ್ಲ, ಲಕ್ಷಣ ಗೊತ್ತಿತ್ತು. ಇಂದು ಹೆಸರೂ ಗೊತ್ತಿದೆ, ಜೀನೂ ಗೊತ್ತಿದೆ, ಅಳತೆಯ ಸೂತ್ರಕ್ಕೆ ನೂರು ವರ್ಷ ದಾಟಿದೆ. ಕೇಳುವುದನ್ನೂ ಅಳೆಯುವುದನ್ನೂ ಕಲಿಸುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.